ಬೆತ್ತ ಬೇಡ, ಬಾಳೆಹಣ್ಣಿನ ಚೂರು ಸಾಕು

ನಾಯಿಮರಿ ಮನೆಗೆ ಬರುವ ಮೊದಲೇ ಸಲಹೆಗಳು ಬಂದು ಚಾವಡಿಯಲ್ಲಿ ಕೂತಿರುತ್ತವೆ. ‘ಮೊದಲ ದಿನವೇ ಎರಡು ಬಿಡಿ ಮಾರಾಯ್ರೇ, ಇಲ್ಲದಿದ್ರೆ ತಲೆ ಮೇಲೆ ಕೂರ್ತದೆ’ ಎನ್ನುತ್ತಾರೆ ಪಕ್ಕದ ಮನೆಯವರು. ‘ತಿಂಡಿ ಆಸೆ ತೋರಿಸ್ಬೇಡಿ, ಹಾಳಾಗ್ತದೆ’ ಎನ್ನುತ್ತಾರೆ ಮುಂಬೈಯಿಂದ ರಜೆಗೆ ಬಂದ ಭಾವ. ‘ಈಗಲೇ ಎಂತ ಕಲಿಸುವುದು, ಆರು ತಿಂಗಳು ಕಳೀಲಿ’ ಎನ್ನುತ್ತಾರೆ ಮನೆಯ ಹಿರಿಯರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ಮರಿ ಮಾತ್ರ ಮಂಚದಡಿ ಸೇರಿರುತ್ತದೆ.

ಉಡುಪಿಯ ರಕ್ಷಿತ್ ಶೆಟ್ಟಿ ನಟಿಸಿ, ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶಿಸಿದ ‘777 ಚಾರ್ಲಿ’ 2022ರಲ್ಲಿ ಬಂದಾಗ ಕಣ್ಣೊರೆಸಿಕೊಂಡು ಹೊರಬಂದವರು ನಮ್ಮೂರಲ್ಲಿ ಬಹಳ ಮಂದಿ. ತೆರೆಯ ಮೇಲಿನ ನಾಯಿ ಅಷ್ಟು ಚೆನ್ನಾಗಿ ನಡೆದುಕೊಂಡದ್ದರ ಹಿಂದೆ ದೀರ್ಘ ಕಾಲದ ತರಬೇತಿಯಿತ್ತು. ಆ ಭಾಗವನ್ನು ಸಿನಿಮಾ ತೋರಿಸುವುದಿಲ್ಲ. ಹಾಗಾಗಿ ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಮನೆಗಳಲ್ಲಿ ಮರಿ ಸಾಕಲು ಹೊರಟವರು ಕಿವಿಗೆ ಬಿದ್ದ ಸಲಹೆಯನ್ನೇ ನೆಚ್ಚಿಕೊಳ್ಳುತ್ತಾರೆ. ಅದರಲ್ಲಿ ಕಾಳೆಷ್ಟು, ಜೊಳ್ಳೆಷ್ಟು ನೋಡೋಣ.

ತಪ್ಪು ಕಲ್ಪನೆ 1: ದಂಡಂ ದಶಗುಣಂ. ಎರಡೇಟು ಬಿದ್ದರೆ ನಾಯಿ ದಾರಿಗೆ ಬರುತ್ತದೆ.

ವಾಸ್ತವ: ಏಟು ಬಿದ್ದ ಕೂಡಲೇ ನಾಯಿ ಮಾಡುತ್ತಿದ್ದುದನ್ನು ನಿಲ್ಲಿಸುವುದು ನಿಜ. ಅದಕ್ಕೇ ಈ ನಂಬಿಕೆ ಇಷ್ಟು ಗಟ್ಟಿ. ಆದರೆ ಅದು ಕಲಿತದ್ದೇನು? ಚಪ್ಪಲಿ ಕಚ್ಚುವ ಮರಿಗೆ ಪೇಪರ್ ಸುತ್ತಿ ಹೊಡೆದರೆ, ಈ ಮನುಷ್ಯ ಹತ್ತಿರವಿರುವಾಗ ಚಪ್ಪಲಿ ಮುಟ್ಟಿದರೆ ಅಪಾಯ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ನೀವು ಪೇಟೆಗೆ ಹೋದ ಮೇಲೆ ಚಪ್ಪಲಿಯ ಕತೆ ಮುಗಿದಂತೆಯೇ. ಕಚ್ಚಬೇಕಾದ್ದು ಯಾವುದನ್ನು ಎಂದು ಏಟು ಹೇಳಿಕೊಡುವುದಿಲ್ಲ. ಹಲ್ಲು ಹುಟ್ಟುವ ವಯಸ್ಸಿನಲ್ಲಿ ಮರಿ ಏನನ್ನಾದರೂ ಕಚ್ಚಲೇಬೇಕು. ಚಪ್ಪಲಿಯನ್ನು ಎತ್ತಿಟ್ಟು, ಗಟ್ಟಿ ರಬ್ಬರಿನ ಆಟಿಕೆಯನ್ನೋ ಗಂಟು ಹಾಕಿದ ಹಳೆ ಬಟ್ಟೆಯನ್ನೋ ಕೊಟ್ಟು, ಅದನ್ನು ಕಚ್ಚಿದಾಗ ಬೆನ್ನು ಸವರಿದರೆ ದಿನ ಕಳೆದಂತೆ ವಿಷಯ ಮುಗಿಯುತ್ತದೆ.

ಪೋರ್ಚುಗಲ್ಲಿನ ಸಂಶೋಧಕರು ಬೇರೆ ಬೇರೆ ತರಬೇತಿ ಶಾಲೆಗಳ 92 ಸಾಕುನಾಯಿಗಳನ್ನು ಗಮನಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಗದರಿಸಿ, ಕೊರಳ ಬೆಲ್ಟ್ ಜಗ್ಗಿ ಕಲಿಸುತ್ತಿದ್ದ ಶಾಲೆಗಳ ನಾಯಿಗಳು ಹೆಚ್ಚು ಆಕಳಿಸುತ್ತಿದ್ದವು, ತುಟಿ ನೆಕ್ಕುತ್ತಿದ್ದವು, ಮೈ ಮುದುರುತ್ತಿದ್ದವು. ಪಾಠ ಮುಗಿದ ಮೇಲೆ ಅವುಗಳ ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಹೆಚ್ಚು ಏರಿತ್ತು. ಇನ್ನೊಂದು ಪರೀಕ್ಷೆಯಲ್ಲಿ, ತಿಂಡಿ ಇದೆಯೋ ಇಲ್ಲವೋ ಎಂಬ ಅನುಮಾನದ ಜಾಗದಲ್ಲಿಟ್ಟ ಬಟ್ಟಲಿನತ್ತ ಹೆಚ್ಚು ಶಿಕ್ಷೆ ಉಂಡ ನಾಯಿಗಳು ಅನುಮಾನಿಸುತ್ತಾ ನಿಧಾನವಾಗಿ ಹೋದವು. ಇದ್ದೀತು ಎಂಬ ಭರವಸೆಯೇ ಅವಕ್ಕೆ ಕಡಿಮೆಯಾಗಿತ್ತು. ಮರುವರ್ಷ, 2021ರಲ್ಲಿ, ಪ್ರಾಣಿಗಳ ವರ್ತನೆಯನ್ನು ಅಭ್ಯಾಸ ಮಾಡುವ ಅಮೆರಿಕದ ಪಶುವೈದ್ಯರ ಸಂಘ ಎಲ್ಲ ನಾಯಿಗಳಿಗೂ ಬಹುಮಾನದಿಂದ ಕಲಿಸುವ ವಿಧಾನವನ್ನೇ ಶಿಫಾರಸು ಮಾಡಿತು. ಕೊರಳಿಗೆ ವಿದ್ಯುತ್ ಆಘಾತ ಕೊಡುವ ಬೆಲ್ಟನ್ನು ವೇಲ್ಸ್ ದೇಶ 2010ರಲ್ಲೇ ನಿಷೇಧಿಸಿತ್ತು.

ತಪ್ಪು ಕಲ್ಪನೆ 2: ಯಜಮಾನ ಯಾರೆಂದು ತೋರಿಸದಿದ್ದರೆ ನಾಯಿಯೇ ಯಜಮಾನ ಆಗಿಬಿಡುತ್ತದೆ.

ವಾಸ್ತವ: ಈ ಮಾತು ಹುಟ್ಟಿದ್ದು ತೋಳಗಳ ಬೋನಿನಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಟ್ಟಿದ್ದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದರು: ಗುಂಪಿನಲ್ಲಿ ಮೇಲುಗೈಗಾಗಿ ಸದಾ ಕಾದಾಟ. ಅಮೆರಿಕದ ತೋಳತಜ್ಞ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಇದನ್ನೇ ಜನಪ್ರಿಯಗೊಳಿಸಿದರು. ಮುಂದೆ ಕಾಡಿನ ತೋಳಗಳ ನಡುವೆ ವರ್ಷಗಟ್ಟಲೆ ಇದ್ದು ನೋಡಿದಾಗ ಬೇರೆಯೇ ಕಂಡಿತು. ಕಾಡಿನ ತೋಳದ ಗುಂಪೆಂದರೆ ಅಪ್ಪ, ಅಮ್ಮ ಮತ್ತು ಅವರ ಮರಿಗಳ ಸಂಸಾರ. ಅಲ್ಲಿ ಮುಂದಾಳುತನ ಹೆತ್ತವರದು, ಗೆದ್ದವರದಲ್ಲ. 1999ರಲ್ಲಿ ಮೆಕ್ ಇದನ್ನು ಸ್ಪಷ್ಟವಾಗಿ ಬರೆದರು. ತಮ್ಮ ಹಳೆಯ ಪುಸ್ತಕದ ಮುದ್ರಣ ನಿಲ್ಲಿಸಿ ಎಂದು ಪ್ರಕಾಶಕರನ್ನು ಕೇಳಿಕೊಂಡರು. ಅಪರಿಚಿತರನ್ನು ತುಂಬಿಕೊಂಡ ಬಸ್ಸಿನ ನೂಕುನುಗ್ಗಲು ನೋಡಿ ಮನೆಯೊಳಗಿನ ಸಂಬಂಧ ಹೀಗೇ ಎಂದಂತಾಗಿತ್ತು ಆ ಮೊದಲಿನ ತೀರ್ಮಾನ.

ಬರೆದವರೇ ಕೈಬಿಟ್ಟರೂ ಊರು ಬಿಟ್ಟಿಲ್ಲ. ಮರಿಯನ್ನು ಅಂಗಾತ ಕೆಡವಿ ಒತ್ತಿ ಹಿಡಿಯುವುದು, ಮೂತಿ ಹಿಸುಕುವುದು, ಉಣ್ಣುತ್ತಿರುವಾಗ ತಟ್ಟೆ ಕಿತ್ತುಕೊಳ್ಳುವುದು ಇವತ್ತೂ ನಡೆಯುತ್ತದೆ. ತಟ್ಟೆ ಕಿತ್ತುಕೊಂಡರೆ ನಾಯಿ ಕಲಿಯುವುದು, ಮನುಷ್ಯ ಹತ್ತಿರ ಬಂದರೆ ಊಟಕ್ಕೆ ಸಂಚಕಾರ ಎಂದು. ಉಣ್ಣುವಾಗ ಹತ್ತಿರ ಹೋಗಿ ತಟ್ಟೆಗೆ ಇನ್ನೊಂದು ತುಂಡು ಹಾಕಿ ಬನ್ನಿ. ಮುಂದೆ ನೀವು ಬರುವುದನ್ನೇ ಅದು ಕಾಯುತ್ತದೆ.

ತಪ್ಪು ಕಲ್ಪನೆ 3: ತಿಂಡಿ ಕೊಟ್ಟು ಕಲಿಸುವುದು ಲಂಚ. ಆಮೇಲೆ ತಿಂಡಿ ಇಲ್ಲದೆ ಮಾತು ಕೇಳುವುದಿಲ್ಲ.

ವಾಸ್ತವ: ಲಂಚವನ್ನು ಕೆಲಸಕ್ಕೆ ಮೊದಲು ತೋರಿಸುತ್ತಾರೆ, ಸಂಬಳ ಕೆಲಸ ಮುಗಿದ ಮೇಲೆ ಕೈಸೇರುತ್ತದೆ. ಬಹುಮಾನದ ತರಬೇತಿ ಎಂದರೆ ಸಂಬಳ. ಮೊದಲ ಮೂರು ನಾಲ್ಕು ಸಲ ತಿಂಡಿಯ ಚೂರನ್ನು ಮೂಗಿನ ಮುಂದಿನಿಂದ ತಲೆಯ ಮೇಲಕ್ಕೆ ಒಯ್ಯಿರಿ. ಮರಿ ತಲೆ ಎತ್ತುತ್ತದೆ, ಹಿಂಭಾಗ ತಾನಾಗಿ ನೆಲಕ್ಕೆ ತಾಗುತ್ತದೆ. ತಾಗಿದ ಆ ಕ್ಷಣವೇ ‘ಭೇಷ್’ ಎನ್ನಿ, ಚೂರು ಕೊಡಿ. ಐದನೆಯ ಸಲದಿಂದ ಕೈಯಲ್ಲಿ ತಿಂಡಿ ಇಲ್ಲದೆ ಅದೇ ಕೈಸನ್ನೆ ಮಾಡಿ, ಕೂತ ಮೇಲೆ ಇನ್ನೊಂದು ಕೈಯಿಂದ ಕೊಡಿ. ಕಲಿತದ್ದು ಗಟ್ಟಿಯಾದ ಮೇಲೆ ಒಮ್ಮೆ ತಿಂಡಿ, ಒಮ್ಮೆ ಮೆಚ್ಚುಗೆ, ಒಮ್ಮೆ ಚೆಂಡಾಟ. ಯಾವಾಗ ಏನು ಸಿಗುತ್ತದೆಂದು ತಿಳಿಯದ ನಾಯಿ ಇನ್ನಷ್ಟು ಉತ್ಸಾಹದಿಂದ ಮಾಡುತ್ತದೆ.

ಇಲ್ಲಿ ಗುಟ್ಟೆಲ್ಲ ಸಮಯದಲ್ಲಿದೆ. ಮೆಚ್ಚುಗೆ ಒಂದೆರಡು ಸೆಕೆಂಡು ತಡವಾದರೂ, ಕೂತದ್ದಕ್ಕೆ ಸಿಕ್ಕಿತೋ ಎದ್ದದ್ದಕ್ಕೆ ಸಿಕ್ಕಿತೋ ಎಂದು ಮರಿಗೆ ಗೊಂದಲ. ‘ಭೇಷ್’ ಎಂಬ ಚುಟುಕು ಪದ ಇರುವುದು ಅದಕ್ಕೇ. ಊಟದ ಜೊತೆ ಬಂದ ಸದ್ದಿಗೆ ನಾಯಿಯ ಬಾಯಲ್ಲಿ ನೀರೂರುತ್ತದೆಂದು ರಷ್ಯದ ಪಾವ್ಲೊವ್ ನೂರು ವರ್ಷದ ಹಿಂದೆಯೇ ತೋರಿಸಿಕೊಟ್ಟರು. ಹಾಗೆಯೇ ಈ ಪದವೂ ತಿಂಡಿಯ ಮುನ್ಸೂಚನೆಯಾಗಿ, ‘ಈಗ ಮಾಡಿದೆಯಲ್ಲ, ಅದೇ ಸರಿ’ ಎಂದು ತಿಳಿಸುತ್ತದೆ.

ತಿಂಡಿಗೆ ದುಬಾರಿ ಪೊಟ್ಟಣ ಬೇಕಿಲ್ಲ. ಬಾಳೆಹಣ್ಣು, ಬೇಯಿಸಿದ ಸಿಹಿಗುಂಬಳ, ಪನೀರು ಸಸ್ಯಾಹಾರಿ ಮನೆಗೆ ಸಾಕು. ಉಳಿದವರಿಗೆ ಬೇಯಿಸಿದ ಕೋಳಿ, ಮೊಟ್ಟೆ, ಮುಳ್ಳು ಬಿಡಿಸಿದ ಬೂತಾಯಿ. ಗಾತ್ರ ಕಡಲೆಕಾಳಿನಷ್ಟು. ಕೊಟ್ಟಷ್ಟನ್ನು ಊಟದಲ್ಲಿ ಕಡಿಮೆ ಮಾಡಿ. ಚಾಕೊಲೇಟು, ಈರುಳ್ಳಿ, ದ್ರಾಕ್ಷಿ ನಾಯಿಗೆ ವಿಷ. ಪಾಯಸದಲ್ಲಿ ಉಳಿದ ಒಣದ್ರಾಕ್ಷಿಯೂ ಅದರಲ್ಲಿ ಸೇರಿತು. ಗೋಳಿಬಜೆ ನಿಮಗಿರಲಿ.

ತಪ್ಪು ಕಲ್ಪನೆ 4: ಆರು ತಿಂಗಳಾಗಲಿ, ಲಸಿಕೆಗಳೆಲ್ಲ ಮುಗಿಯಲಿ, ಅಲ್ಲಿಯವರೆಗೆ ಹೊರಗೆ ಕಾಲಿಡುವುದು ಬೇಡ.

ವಾಸ್ತವ: ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಮಕ್ಕಳ ವಿಷಯದಲ್ಲಿ ಹೇಳುವ ನಾವು ನಾಯಿಯ ವಿಷಯದಲ್ಲಿ ಮರೆಯುತ್ತೇವೆ. ಸ್ಕಾಟ್ ಮತ್ತು ಫುಲ್ಲರ್ ಎಂಬ ಅಮೆರಿಕದ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರಿ ಹೊಸದನ್ನು ಹೆದರದೆ ಒಪ್ಪಿಕೊಳ್ಳುವ ಕಾಲ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ. ಆಮೇಲೆ ಬಾಗಿಲು ಮುಚ್ಚಿಹೋಗುವುದಿಲ್ಲ, ಕಿರಿದಾಗುತ್ತದೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರದ 2017ರ ನಿಯಮ ಹೇಳುತ್ತದೆ. ಅಂದರೆ ಮರಿ ಮನೆಗೆ ಬಂದಾಗ ನಿಮ್ಮ ಕೈಯಲ್ಲಿ ಉಳಿದಿರುವುದು ನಾಲ್ಕೇ ವಾರ.

ಲಸಿಕೆಯ ಚಿಂತೆ ಸುಳ್ಳಲ್ಲ. ಪಾರ್ವೊ ಕಾಯಿಲೆ ಮರಿಗಳನ್ನು ಕೊಲ್ಲುತ್ತದೆ. ನಮ್ಮ ಮಳೆಗಾಲದಲ್ಲಿ ಇಲಿಜ್ವರದ ಭಯವೂ ಇದೆ. ಅದು ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಹಾಗಾಗಿ ಬೀದಿಯ ಕೊಳೆ, ನಿಂತ ನೀರು, ಗುರುತಿಲ್ಲದ ನಾಯಿಗಳಿಂದ ಮರಿಯನ್ನು ದೂರವಿಡಿ. ಆದರೆ ಲೋಕ ನೋಡಲು ಅದು ನೆಲಕ್ಕಿಳಿಯಬೇಕೆಂದಿಲ್ಲ. ಎತ್ತಿಕೊಂಡು ಕಾಪುವಿನ ದೀಪಸ್ತಂಭದ ಬಳಿ ಹತ್ತು ನಿಮಿಷ ನಿಂತರೆ ಅಲೆಯ ಸದ್ದು, ಮಕ್ಕಳ ಕೂಗು, ಗಾಳಿಪಟ ಎಲ್ಲ ಕಾಣುತ್ತದೆ. ಕಾರ್ಕಳ ಪೇಟೆಯಲ್ಲಿ ಬಸ್ಸಿನ ಹಾರ್ನ್, ಮಣಿಪಾಲದ ಫ್ಲ್ಯಾಟಿನಲ್ಲಿ ಲಿಫ್ಟು, ಮನೆಗೆ ಬರುವ ಕೊಡೆ ಹಿಡಿದವರು, ಹೆಲ್ಮೆಟ್ ಹಾಕಿದವರು, ಎಲ್ಲರನ್ನೂ ಕೈಯಿಂದಲೋ ಕಾರಿನ ಕಿಟಕಿಯಿಂದಲೋ ನೋಡಲಿ. ಪ್ರತಿ ಹೊಸ ನೋಟಕ್ಕೂ ಒಂದು ಚೂರು ತಿಂಡಿ.

ಸದ್ದಿನ ವಿಷಯದಲ್ಲಿ ನಮ್ಮ ಊರಿನಷ್ಟು ಕಠಿಣ ಪರೀಕ್ಷೆ ಬೇರೆಲ್ಲೂ ಇರಲಿಕ್ಕಿಲ್ಲ. ಅಷ್ಟಮಿಗೆ ಅಂಗಳಕ್ಕೇ ಬರುವ ಹುಲಿವೇಷದ ತಾಸೆ, ಯಕ್ಷಗಾನದ ಚೆಂಡೆ, ಕೋಲ ನೇಮದಲ್ಲಿ ಸಿಡಿಯುವ ಗರ್ನಾಲು, ದೀಪಾವಳಿಯ ಪಟಾಕಿ. ‘ಅಭ್ಯಾಸ ಆಗ್ಲಿ’ ಎಂದು ಮರಿಯನ್ನು ತಾಸೆಯ ಎದುರೇ ಕಟ್ಟಿದರೆ ಹೆದರಿಕೆಯೇ ಅಭ್ಯಾಸವಾಗುತ್ತದೆ. ಮೊಬೈಲಿನಲ್ಲಿ ಆ ಸದ್ದುಗಳನ್ನು ಕಿವಿಗೆ ಬಿತ್ತೋ ಇಲ್ಲವೋ ಎಂಬಷ್ಟು ಸಣ್ಣಗೆ ಹಾಕಿ ಊಟ ಕೊಡಿ. ದಿನದಿಂದ ದಿನಕ್ಕೆ ಕೂದಲೆಳೆಯಷ್ಟು ಏರಿಸಿ. ಮರಿ ತಿನ್ನುವುದು ಬಿಟ್ಟಿತೆಂದರೆ ನೀವು ಜಾಸ್ತಿ ಏರಿಸಿದ್ದೀರಿ ಎಂದೇ ಅರ್ಥ. ನಿಜವಾದ ಹಬ್ಬದ ದಿನ ಒಳಕೋಣೆಯಲ್ಲಿ ಜೊತೆಗಿರಿ. ಹೆದರಿದ ನಾಯಿಯನ್ನು ಸಮಾಧಾನ ಮಾಡಿದರೆ ಹೆದರಿಕೆ ಹೆಚ್ಚುತ್ತದೆ ಎಂಬುದೂ ತಪ್ಪು ತಿಳಿವಳಿಕೆಯೇ.

ತಪ್ಪು ಕಲ್ಪನೆ 5: ಮನೆಯೊಳಗೆ ಗಲೀಜು ಮಾಡಿದರೆ ಮೂಗು ತಿಕ್ಕಬೇಕು. ಮಾಡಿದ್ದು ತಪ್ಪೆಂದು ಅದಕ್ಕೇ ಗೊತ್ತು, ಮುಖ ನೋಡಿ!

ವಾಸ್ತವ: ಆ ‘ತಪ್ಪಿತಸ್ಥ ಮುಖ’ವನ್ನು ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿಜ್ಞಾನಿ 2009ರಲ್ಲಿ 14 ನಾಯಿಗಳಲ್ಲಿ ಪರೀಕ್ಷಿಸಿದರು. ಮುಟ್ಟಬೇಡ ಎಂದ ತಿಂಡಿಯನ್ನು ಕೆಲವು ನಾಯಿಗಳು ತಿಂದಿದ್ದವು, ಕೆಲವು ತಿಂದಿರಲಿಲ್ಲ. ಒಡೆಯರಿಗೆ ಕೆಲವೊಮ್ಮೆ ನಿಜ ಹೇಳಲಾಯಿತು, ಕೆಲವೊಮ್ಮೆ ಸುಳ್ಳು. ಕಿವಿ ಹಿಂದಕ್ಕೆ ಮಾಡಿ, ಕಣ್ಣು ತಪ್ಪಿಸಿ ಕೂತದ್ದು ತಿಂದ ನಾಯಿಗಳೆಂದೇನಿಲ್ಲ; ಬೈಸಿಕೊಂಡ ನಾಯಿಗಳು. ತಿನ್ನದೆಯೂ ಬೈಸಿಕೊಂಡವು ಅದೇ ಮುಖ ಮಾಡಿದವು. ನಾವು ತಪ್ಪೊಪ್ಪಿಗೆ ಎಂದುಕೊಂಡದ್ದು ನಮ್ಮ ಸಿಟ್ಟಿಗೆ ಹುಟ್ಟಿದ ಹೆದರಿಕೆ.

ಗಂಟೆಯ ಹಿಂದೆ ಮಾಡಿದ್ದಕ್ಕೆ ಮೂಗು ತಿಕ್ಕಿಸಿಕೊಂಡ ಮರಿ ನಿಮ್ಮ ಕಣ್ಣೆದುರು ಮೂತ್ರ ಮಾಡುವುದನ್ನೇ ಬಿಟ್ಟು ಸೋಫಾದ ಹಿಂದೆ ಹೋಗುತ್ತದೆ. ಬದಲಿಗೆ ಎದ್ದ ಕೂಡಲೇ, ಉಂಡ ಕೂಡಲೇ, ಆಟ ಮುಗಿದ ಕೂಡಲೇ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಅಲ್ಲಿ ಮಾಡಿದರೆ ಅಲ್ಲೇ ಬಹುಮಾನ. ಜೂನಿನಿಂದ ಹಿಡಿಯುವ ಮಳೆಯಲ್ಲಿ ಅಂಗಳಕ್ಕಿಳಿಯಲು ಮರಿ ಒಪ್ಪುವುದಿಲ್ಲ. ಸೂರಿನಡಿ, ಹಟ್ಟಿಯ ಬದಿ, ಒಣಗಿದ ಮೂಲೆಯೊಂದನ್ನು ಮೊದಲೇ ಗೊತ್ತು ಮಾಡಿ. ಒಳಗೆ ಆದದ್ದನ್ನು ಸುಮ್ಮನೆ ಒರೆಸಿ, ವಾಸನೆ ಉಳಿಯದಂತೆ ತೊಳೆಯಿರಿ. ವಾಸನೆ ಉಳಿದರೆ ಅದೇ ಜಾಗಕ್ಕೆ ಮರಿ ಮತ್ತೆ ಬರುತ್ತದೆ.

ತಪ್ಪು ಕಲ್ಪನೆ 6: ಹಗಲೆಲ್ಲ ಕಟ್ಟಿ ಹಾಕಿದರೆ ಒಳ್ಳೆಯ ಕಾವಲು ನಾಯಿ ಆಗುತ್ತದೆ.

ವಾಸ್ತವ: ಸದಾ ಸರಪಳಿಯಲ್ಲಿರುವ ನಾಯಿ ಕಂಡದ್ದಕ್ಕೆಲ್ಲ ಬೊಗಳುತ್ತದೆ. ಅಂಚೆಯವರಿಗೂ ಕಳ್ಳನಿಗೂ ಒಂದೇ ಬೊಗಳು. ಅದಕ್ಕೆ ಓಡಿಹೋಗಲು ದಾರಿ ಇಲ್ಲ, ಹಾಗಾಗಿ ಎದುರು ಬಂದವರ ಮೇಲೆ ಎಗರುವುದೊಂದೇ ಉಪಾಯ. ಮನೆಯವರ ಜೊತೆ ಬೆಳೆದು, ಬಂದುಹೋಗುವವರನ್ನು ಕಂಡು ಗೊತ್ತಿರುವ ನಾಯಿಗೆ ಅಪರಿಚಿತ ಯಾರೆಂದು ತಿಳಿಯುತ್ತದೆ. ಕಾರ್ಕಳ, ಹೆಬ್ರಿ ಕಡೆಯ ಕಾಡಂಚಿನಲ್ಲಂತೂ ರಾತ್ರಿ ಹೊರಗೆ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಊಟ.

ಕಾನೂನೂ ಈ ಮಾತು ಹೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಹೊಡೆಯುವುದು ಅಪರಾಧ. ಸದಾ ಕಟ್ಟಿ ಹಾಕುವ ನಾಯಿಗೆ ಅಡ್ಡಾಡಲು ಅವಕಾಶ ಕೊಡದಿರುವುದೂ ಅಪರಾಧ. ಮೊದಲ ಸಲದ ದಂಡ ಮಾತ್ರ ಹತ್ತರಿಂದ ಐವತ್ತು ರೂಪಾಯಿ, ಹೋಟೆಲಿನ ಮಸಾಲೆ ದೋಸೆಗೂ ಸಾಲದಷ್ಟು. ಹಾಗಾಗಿ ಇಲ್ಲಿ ದಂಡಕ್ಕಿಂತ ಮನಸ್ಸಾಕ್ಷಿಯನ್ನೇ ನಂಬಬೇಕು.

ತಪ್ಪು ಕಲ್ಪನೆ 7: ಬೊಗಳುವ ನಾಯಿ ಕಚ್ಚುವುದಿಲ್ಲ. ಗುರ್ ಎಂದರೆ ಗದರಿ ಬಾಯಿ ಮುಚ್ಚಿಸಬೇಕು.

ವಾಸ್ತವ: ಗಾದೆ ಮನುಷ್ಯರ ಬಗ್ಗೆ ಸರಿಯಿರಬಹುದು. ನಾಯಿ ಬೊಗಳಿಯೂ ಕಚ್ಚುತ್ತದೆ. ಮುಖ ತಿರುಗಿಸುವುದು, ತುಟಿ ನೆಕ್ಕುವುದು, ಮೈ ಬಿಗಿಯುವುದು, ಆಮೇಲೆ ಗುರುಗುಟ್ಟುವುದು, ಇವೆಲ್ಲ ‘ಇಷ್ಟಕ್ಕೇ ನಿಲ್ಲಿಸು’ ಎಂಬ ಬೇಡಿಕೆಯ ಮೆಟ್ಟಿಲುಗಳು. ಗುರುಗುಟ್ಟಿದ್ದಕ್ಕೆ ಹೊಡೆದರೆ ಎಚ್ಚರಿಕೆ ಕೊಡುವುದನ್ನೇ ಅದು ಬಿಡುತ್ತದೆ. ಮುಂದೆ ಒಂದು ದಿನ ಎಚ್ಚರಿಕೆಯಿಲ್ಲದೆ ಕಚ್ಚಿದಾಗ ‘ಸುಮ್ಮನೆ ಇದ್ದ ನಾಯಿ ಮಾರಾಯ್ರೇ’ ಎಂದು ನಾವು ಬೆರಗಾಗುತ್ತೇವೆ. ಗುರ್ ಎಂದಾಗ ದೂರ ಸರಿಯಿರಿ, ಯಾವುದಕ್ಕೆ ಎಂದು ಗುರುತು ಮಾಡಿಕೊಳ್ಳಿ, ಆ ಹೆದರಿಕೆಯನ್ನು ನಿಧಾನವಾಗಿ ಬಿಡಿಸಿ. ಮಕ್ಕಳನ್ನು ಮರಿಯ ಜೊತೆ ಒಂಟಿಯಾಗಿ ಬಿಡಬೇಡಿ.

ಸಾಕಿದ ಮರಿಯ ಹಲ್ಲು ತಾಗಿ ರಕ್ತ ಬಂದರೂ ಹಗುರವಾಗಿ ತೆಗೆದುಕೊಳ್ಳಬಾರದು. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಮರಿಗೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ.

ತಪ್ಪು ಕಲ್ಪನೆ 8: ನಾಯಿಗೆ ಇಂಗ್ಲಿಷಿನಲ್ಲೇ ಹೇಳಬೇಕು.

ವಾಸ್ತವ: ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ, ನಾಯಿಗೆ ಮಾತ್ರ ಇಂಗ್ಲಿಷು! ನಾಯಿ ಯಾವ ಭಾಷೆಯನ್ನೂ ಹೊತ್ತು ಹುಟ್ಟಿಲ್ಲ. ಪರಿಚಿತ ಭಾಷೆಯನ್ನೂ ಅಪರಿಚಿತ ಭಾಷೆಯನ್ನೂ ನಾಯಿಯ ಮೆದುಳು ಬೇರೆಬೇರೆಯಾಗಿ ಗುರುತಿಸುತ್ತದೆಂದು ಬುಡಾಪೆಸ್ಟಿನ ವಿಜ್ಞಾನಿಗಳು 2022ರಲ್ಲಿ 18 ನಾಯಿಗಳ ಸ್ಕ್ಯಾನ್ ಮಾಡಿ ತೋರಿಸಿದ್ದಾರೆ. ಅಂದರೆ ದಿನಾ ಕೇಳುವ ನುಡಿಯೇ ಅದರ ನುಡಿ. ತೊಂದರೆ ಬರುವುದು ಅಪ್ಪ ‘ಸಿಟ್’, ಅಮ್ಮ ‘ಕೂತ್ಕೋ’, ಅಜ್ಜಿ ‘ಕುಲ್ಲು’ ಎಂದಾಗ. ಒಂದು ಕೆಲಸಕ್ಕೆ ಒಂದೇ ಪದ ಎಂದು ಮನೆಮಂದಿ ಕೂತು ತೀರ್ಮಾನಿಸಿ, ಫ್ರಿಜ್ಜಿನ ಬಾಗಿಲಿಗೆ ಬರೆದು ಅಂಟಿಸಿ. ಕರೆಯುವ ಪದವನ್ನು ಮಾತ್ರ ಎಂದೂ ಬೈಗುಳಕ್ಕೆ ಬಳಸಬೇಡಿ. ‘ಬಾ’ ಎಂದು ಕರೆದು ಒಮ್ಮೆ ಹೊಡೆದರೆ, ರಸ್ತೆಯಲ್ಲಿ ಬಸ್ಸು ಬರುವಾಗ ಕರೆದರೂ ಅದು ಬರುವುದಿಲ್ಲ.

ತಪ್ಪು ಕಲ್ಪನೆ 9: ಊರ ನಾಯಿಗೆ ಬುದ್ಧಿ ಇಲ್ಲ, ದೊಡ್ಡದಾದ ಮೇಲೆ ಯಾವ ನಾಯಿಯೂ ಕಲಿಯುವುದಿಲ್ಲ.

ವಾಸ್ತವ: ನಾಯಿ ಬಾಲ ಡೊಂಕಿರಲಿ, ತಲೆ ಸರಿಯಾಗಿಯೇ ಇದೆ. ಬೀದಿಯಲ್ಲಿ ಹುಟ್ಟಿದ ಮರಿ ಬದುಕಿ ಉಳಿದದ್ದೇ ಕಲಿಯುವ ಶಕ್ತಿಯಿಂದ. ಮೀನುಗಾಡಿಯ ಹಾರ್ನ್ ಯಾವುದು, ಶಾಲೆವಾಹನದ ಹಾರ್ನ್ ಯಾವುದು ಎಂದು ಅದಕ್ಕೆ ಯಾರೂ ಕಲಿಸಿಲ್ಲ. ನಮ್ಮ ರಾಜ್ಯದ ಮುಧೋಳ ನಾಯಿಯನ್ನು ಸೇನೆ 2016ರಲ್ಲಿ ಮೀರತ್ತಿನ ತನ್ನ ಕೇಂದ್ರಕ್ಕೆ ತರಬೇತಿಗೆ ಒಯ್ದಿತು. ದೇಸಿ ತಳಿಗಳಿಗೆ ನಮ್ಮ ಸೆಕೆಯೂ ಹೊಸತಲ್ಲ. ದಪ್ಪ ತುಪ್ಪಳದ ಹಸ್ಕಿ ಮಲ್ಪೆಯ ಮೇ ತಿಂಗಳ ಬಿಸಿಲಲ್ಲಿ ಬೇಯುತ್ತದೆ. ಮರಿ ಬೇಕೆನ್ನುವವರು ಪೇಟೆಯ ಅಂಗಡಿಗೆ ಹೋಗುವ ಮೊದಲು ಬೀದಿನಾಯಿಗಳನ್ನು ಆರೈಕೆ ಮಾಡುವ ಮಲ್ಪೆಯ ಮಧ್ವರಾಜ್ ಎನಿಮಲ್ ಕೇರ್ ಟ್ರಸ್ಟಿನಂಥ ಕಡೆ ಒಮ್ಮೆ ವಿಚಾರಿಸಬಹುದು. ಇನ್ನು ವಯಸ್ಸಿನ ಮಾತು: ಐದು ವರ್ಷದ ನಾಯಿಯೂ ಕಲಿಯುತ್ತದೆ. ಹಳೆ ಅಭ್ಯಾಸ ಬಿಡಿಸಲು ನಮಗೆ ತಾಳ್ಮೆ ಸ್ವಲ್ಪ ಜಾಸ್ತಿ ಬೇಕು, ಅಷ್ಟೆ.

ತಪ್ಪು ಕಲ್ಪನೆ 10: ಟ್ರೈನರ್ ಹತ್ತಿರ ಒಂದು ತಿಂಗಳು ಬಿಟ್ಟರೆ ಕಲಿತು ಬರುತ್ತದೆ.

ವಾಸ್ತವ: ಕಲಿತು ಬರಬಹುದು, ಆದರೆ ಟ್ರೈನರ್ ಮಾತು ಕೇಳಲು. ಮನೆಯಲ್ಲಿ ನೀವು ಬೇರೆ ರೀತಿ ನಡೆದುಕೊಂಡರೆ ಹದಿನೈದು ದಿನದಲ್ಲಿ ಎಲ್ಲ ಮೊದಲಿನಂತೆ. ಒಳ್ಳೆಯ ತರಬೇತುದಾರರು ನಾಯಿಗಿಂತ ಹೆಚ್ಚು ನಾಯಿಯ ಮನೆಯವರಿಗೆ ಕಲಿಸುತ್ತಾರೆ.

ಹಣ ಕೊಡುವ ಮೊದಲು ಕೇಳಬೇಕಾದದ್ದು ಇಷ್ಟೇ. ನಾಯಿ ಸರಿಯಾಗಿ ಮಾಡಿದರೆ ನೀವೇನು ಮಾಡುತ್ತೀರಿ? ತಪ್ಪು ಮಾಡಿದರೆ ಏನು ಮಾಡುತ್ತೀರಿ? ನಾನು ಪಕ್ಕದಲ್ಲಿ ನಿಂತು ನೋಡಬಹುದೇ? ಮೊದಲನೆಯದಕ್ಕೆ ‘ತಿಂಡಿ, ಆಟ, ಮೆಚ್ಚುಗೆ’ ಎಂಬ ಉತ್ತರ ಬರಬೇಕು. ಎರಡನೆಯದಕ್ಕೆ ‘ಪಾಠ ಇನ್ನೂ ಸುಲಭ ಮಾಡುತ್ತೇನೆ’ ಎಂದು ಬರಬೇಕು. ‘ಚೋಕ್ ಚೈನ್ ಎಳೆಯುತ್ತೇನೆ’, ‘ಒಂದು ಕೊಡುತ್ತೇನೆ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಮೂರನೆಯದಕ್ಕೆ ‘ಆಗುವುದಿಲ್ಲ’ ಎಂದರೆ ಉಳಿದ ಎರಡರ ಉತ್ತರ ಎಷ್ಟೇ ಚೆನ್ನಾಗಿದ್ದರೂ ನಂಬಬೇಡಿ. ಚೆನ್ನಾಗಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕತೊಡಗಿದರೆ ತರಬೇತುದಾರರಿಗಿಂತ ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿಯ ಹುಣ್ಣು, ಹಲ್ಲಿನ ನೋವು, ಕಾಲ್ಬೆರಳ ನಡುವಿನ ಉಣ್ಣಿ ಎಷ್ಟೋ ಸಲ ‘ಕೆಟ್ಟ ಗುಣ’ದ ವೇಷದಲ್ಲಿ ಬರುತ್ತವೆ.

ಈ ಹತ್ತೂ ತಪ್ಪುಗಳ ಬೇರು ಒಂದೇ. ಮರಿಗೆ ಎಲ್ಲ ಗೊತ್ತು, ಹಟಕ್ಕೆ ಮಾಡುತ್ತದೆ ಎಂದು ನಾವು ಭಾವಿಸುತ್ತೇವೆ. ಎಂಟು ವಾರದ ಜೀವಕ್ಕೆ ನಮ್ಮ ಮನೆಯ ಕಟ್ಟುಕಟ್ಟಳೆ ಏನೂ ಗೊತ್ತಿಲ್ಲ. ಲಾಭ ಸಿಕ್ಕಿದ್ದನ್ನು ಮತ್ತೆ ಮಾಡುತ್ತದೆ, ಸಿಗದ್ದನ್ನು ಬಿಡುತ್ತದೆ. ಬೇಡದ್ದಕ್ಕೆ ಹೊಡೆಯುತ್ತಾ ಕೂರುವುದಕ್ಕಿಂತ ಬೇಕಾದ್ದನ್ನು ತೋರಿಸಿಕೊಡುವುದು ಬೇಗ ಮುಗಿಯುವ ಕೆಲಸ. ದಿನಕ್ಕೆ ಮೂರು ಸಲ, ಒಂದೊಂದು ಸಲ ಐದು ನಿಮಿಷ, ಜೇಬಿನಲ್ಲಿ ಇಪ್ಪತ್ತು ಚೂರು ತಿಂಡಿ. ನಾಳೆ ಬೆಳಿಗ್ಗೆ ಚಹಾ ಕುದಿಯುವಷ್ಟು ಹೊತ್ತಿನಲ್ಲೇ ಮೊದಲ ಪಾಠ ಶುರುಮಾಡಿ.